ದಾರಿಪಕ್ಕದ ರಾಗಿ

ನಾನು ಕೀನ್ಯಾಕ್ಕೆ ಹೋಗುವ ವಿಷಯ ಕಾಲೇಜಿಗಿಂತ ಮೊದಲು ನಮ್ಮೂರಿಗೆ ಗೊತ್ತಾಗಿತ್ತು. ಹೇಳಿದವನು ನಾನೇ. ಆಯ್ಕೆ ಇನ್ನೂ ಆಗಿರಲಿಲ್ಲ. ಆದರೆ ಡೆಂಕಣಿಕೋಟೆಯಿಂದ ನಮ್ಮೂರಿಗೆ ಬರುವ ಬಸ್ಸು ಎಷ್ಟು ನಿಧಾನವೆಂದರೆ, ಅದರಲ್ಲಿ ಕೂತವನು ಏನಾದರೂ ಹೇಳಲೇಬೇಕು, ಇಲ್ಲದಿದ್ದರೆ ಬೇರು ಬಿಡುತ್ತಾನೆ. ಬಸ್ಸು ಕಾಡಂಚಿನ ತಿರುವಿಗೆ ಬರುವಾಗ ನಾನು ಬರೀ ಅರ್ಜಿ ಹಾಕಿದ್ದೆ. ಕೆರೆ ಏರಿ ದಾಟುವಾಗ ಆಯ್ಕೆಯಾಗಿದ್ದೆ. ಇಳಿಯುವ ಹೊತ್ತಿಗೆ ಕಂಡಕ್ಟರು ನನ್ನ ಕೈ ಕುಲುಕಿ, ವಿಮಾನದಲ್ಲಿ ಕಿಟಕಿ ಪಕ್ಕ ಕೂರಬೇಡ, ಗಾಳಿ ಹೊಡೆಯುತ್ತದೆ ಎಂದು ಬುದ್ಧಿ ಹೇಳಿ ಕಳಿಸಿದ.

ಮಾರನೆಯ ದಿನದಿಂದ ಟೀ ಅಂಗಡಿಯವನು ನನ್ನ ಹೆಸರೇ ಬದಲಿಸಿದ.

"ಏನ್ಲಾ ಆಫ್ರಿಕಾ, ಇನ್ನೂ ಇಲ್ಲೇ ಇದೀಯಾ?"

"ಬುಕ್ಕಿಂಗ್ ನಡೀತಾ ಐತಣ್ಣಾ."

"ಬಿರ್‍ರನೆ ಹೋಗ್ಬುಡಲಾ. ನೀ ಇಲ್ಲಿದ್ರೆ ನಮ್ ಹುಡುಗ್ರು ಯಾರೂ ಓದಾಕಿಲ್ಲ, ಬಾಯ್ ಬುಟ್ಕಂಡ್ ನಿನ್ನೇ ಕೇಳ್ತಾ ಕೂರ್ತಾರೆ."

ಹಾಗಾಗಿ ಕೀನ್ಯಾಕ್ಕೆ ಹೋಗುವುದು ಬಿಟ್ಟರೆ ನನಗೆ ಬೇರೆ ದಾರಿ ಇರಲಿಲ್ಲ. ಹೋಗದಿದ್ದರೆ ಊರು ಬಿಡಬೇಕು, ಊರು ಬಿಡಬೇಕೆಂದರೆ ಅದೇ ಬಸ್ಸು ಹತ್ತಬೇಕು.

ನಮ್ಮ ಕಾಲೇಜು ಇರುವುದು ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಪಕ್ಕ. ಒಂದು ಕಡೆ ಕಾರ್ಖಾನೆಯ ಸೈರನ್ನು, ಇನ್ನೊಂದು ಕಡೆ ರಾಯಕೋಟೆಯಿಂದ ಬರುವ ಟೊಮೆಟೊ ಲಾರಿಗಳ ಹಾರನ್ನು, ನಡುವೆ ನಾವು ಪತ್ರಿಕೋದ್ಯಮ ಕಲಿಯುತ್ತಿದ್ದೆವು. ಲೆಕ್ಚರರ್ ಹೇಳಿದ್ದರಲ್ಲಿ ಅರ್ಧ ಕೇಳುತ್ತಿರಲಿಲ್ಲ, ಕೇಳಿದ ಅರ್ಧ ಪರೀಕ್ಷೆಗೆ ಬರುತ್ತಿರಲಿಲ್ಲ. ಆದರೂ ನಮ್ಮ ವಿಭಾಗಕ್ಕೆ ಕೀನ್ಯಾದ ಒಂದು ವಿಶ್ವವಿದ್ಯಾಲಯದ ಜತೆ ಒಪ್ಪಂದವಿತ್ತು. ವರ್ಷಕ್ಕೊಮ್ಮೆ ಅಲ್ಲಿಯ ಕೆಲವು ವಿದ್ಯಾರ್ಥಿಗಳು ಬಂದು ಒಂದು ತಿಂಗಳು ಇರುತ್ತಾರೆ. ಒಬ್ಬೊಬ್ಬರಿಗೆ ನಮ್ಮಲ್ಲಿ ಒಬ್ಬ ಜೊತೆಗಾರ. ಇಬ್ಬರೂ ಸೇರಿ ಧ್ವನಿಯಲ್ಲೇ ಒಂದು ವರದಿ ಮಾಡಬೇಕು, ಕೊನೆಗೆ ಅದನ್ನು ಎರಡೂ ದೇಶದವರು ವಿಡಿಯೋ ಕಾಲಿನಲ್ಲಿ ಕೂತು ಕೇಳಬೇಕು. ಚೆನ್ನಾಗಿ ಮಾಡಿದ ನಮ್ಮ ಇಬ್ಬರಿಗೆ ಕೀನ್ಯಾ.

ಆ ಇಬ್ಬರಲ್ಲಿ ನಾನೊಬ್ಬ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಯಾಕೆಂದರೆ ವಿಭಾಗದ ಗೋಡೆಯ ಮೇಲೆ ನಮ್ಮ ತಾತ ಇದ್ದರು. ಹಿಂದಿನ ಯಾವುದೋ ವರ್ಷ ಬಂದ ಅತಿಥಿಗಳು ತೆಗೆದ ಫೋಟೊ. ಆನೆ ತುಳಿದ ರಾಗಿ ಹೊಲದ ನಡುವೆ ಹರಿದ ಬನಿಯನ್ನಿನಲ್ಲಿ ತಾತ ನಿಂತು ಅಳುತ್ತಿದ್ದಾರೆ. ಅದನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಹಾಕಿದ್ದರು. ಒಂದೊಂದು ಕಣ್ಣೀರ ಹನಿಯೂ ಇಡ್ಲಿಯ ಗಾತ್ರ. ವಿಭಾಗದ ಮುಖ್ಯಸ್ಥರಾದ ಸರ್, ಯಾರೇ ಬಂದರೂ ಮೊದಲು ಆ ಫೋಟೊ ಮುಂದೆ ನಿಲ್ಲಿಸುತ್ತಿದ್ದರು, ಆಮೇಲೆ ಕುರ್ಚಿ ತೋರಿಸುತ್ತಿದ್ದರು. ಆ ಕಣ್ಣೀರಿನ ಮೊಮ್ಮಗ ನಾನು. ಹಾಜರಾತಿ ಕಡಿಮೆಯಾದಾಗಲೆಲ್ಲ ಫೋಟೊದ ಕೆಳಗೆ ಹೋಗಿ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಸರ್ ಏನೂ ಅನ್ನುತ್ತಿರಲಿಲ್ಲ.

ಆ ವರ್ಷ ನನಗೆ ಜೊತೆಗಾರ್ತಿಯಾಗಿ ಬಂದ ಕೀನ್ಯಾದ ಹುಡುಗಿಯನ್ನೂ ಹಾಗೇ ಫೋಟೊ ಮುಂದೆ ನಿಲ್ಲಿಸಿದರು. ನನಗಿಂತ ಒಂದು ಗೇಣು ಎತ್ತರ, ಕಣ್ಣು ತುಂಬ ಪ್ರಯಾಣದ ನಿದ್ದೆ. ಅವಳು ಫೋಟೊ ನೋಡಿದಳು, ಸರ್ ಕಡೆ ನೋಡಿದಳು, ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರಿಗೆ ಗೋಡೆಯ ಕ್ಯಾಲೆಂಡರು ಡಿಸೆಂಬರಿಗೆ ಹೋಯಿತು.

"ಆನೆಯಾ?" ಎಂದಳು ಇಂಗ್ಲಿಷಿನಲ್ಲಿ. "ಸಮುದ್ರ ದಾಟಿ ಬಂದೆ. ಇಲ್ಲೂ ಅದೇನಾ?"

ಅವಳ ಊರು ಅಲ್ಲಿಯ ಯಾವುದೋ ಕಾಡಿನ ಅಂಚಿನಲ್ಲಂತೆ. ಅಲ್ಲಿಗೆ ಯುರೋಪಿನಿಂದ ಬರುವ ಪತ್ರಿಕೋದ್ಯಮದ ಮಕ್ಕಳೆಲ್ಲ ಆನೆ ಆನೆ ಎಂದು ಕೇಳಿ ಕೇಳಿ ಊರಿಗೆ ಊರೇ ಸುಸ್ತಾಗಿದೆಯಂತೆ. ಅವಳಿಗೆ ಬೇಕಾಗಿದ್ದದ್ದು ಹೊಸೂರಿನ ಕಾರ್ಖಾನೆ ಬಸ್ಸುಗಳು. ಬೆಳಗಿನ ಪಾಳಿಗೆ ಹೋಗುವ ಹೆಂಗಸರು ಕಿಟಕಿಗೆ ತಲೆ ಆನಿಸಿ ಮಲಗಿರುತ್ತಾರಲ್ಲ, ಅವರ ಬಗ್ಗೆ. ಸರ್ ನಕ್ಕು, ಮಲಗಿದವರನ್ನು ಧ್ವನಿಯಲ್ಲಿ ಹೇಗಮ್ಮ ತೋರಿಸುತ್ತೀ ಎಂದರು. ಆನೆಯೇ ಗಟ್ಟಿಯಾಯಿತು.

ನಮ್ಮೂರಿಗೆ ಹೊರಟ ದಿನ ಬಸ್ಸಿನಲ್ಲಿ ನಾನು ಅವಳನ್ನು ಹುರಿದುಂಬಿಸಲು ನೋಡಿದೆ. ಈ ರಸ್ತೆಯಲ್ಲಿ ಒಂದು ಒಂಟಿ ಸಲಗವಿದೆ, ಬಸ್ಸನ್ನು ಅಡ್ಡಗಟ್ಟಿ ಕಿಟಕಿಯೊಳಗೆ ಸೊಂಡಿಲು ಹಾಕಿ ಒಬ್ಬೊಬ್ಬರ ಟಿಕೇಟೂ ನೋಡುತ್ತದೆ, ಟಿಕೇಟಿಲ್ಲದ ನಮ್ಮ ದೊಡ್ಡಪ್ಪನನ್ನು ಕೆಳಗಿಳಿಸಿತು ಎಂದೆ. ಇದನ್ನು ಕಾಲೇಜಿನಲ್ಲಿ ಹೇಳಿದಾಗ ಧರ್ಮಪುರಿಯಿಂದ ಬಂದ ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ನಮ್ಮೂರಲ್ಲಿ ಚರ್ಚಿನ ಬಾಗಿಲು ಕಿತ್ತುಕೊಂಡು ಹೋಯಿತು. ಮಾರನೇ ವಾರ ಬಂದು ಚೌಕಟ್ಟನ್ನೂ."

ಅದು ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ. ನನಗೆ ಒಂದು ತರಹದ ಗೌರವ ಹುಟ್ಟಿತು. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು.

ಮನೆಯಲ್ಲಿ ಅವ್ವ ಅತಿಥಿಗಾಗಿ ಪಕ್ಕದ ಮನೆಯಿಂದ ಚಮಚ ತಂದಿಟ್ಟಿದ್ದಳು. ಊರಿನ ಅರ್ಧ ಜನ ಕಿಟಕಿಯಲ್ಲಿ, ಉಳಿದರ್ಧ ಬಾಗಿಲಲ್ಲಿ. ಆ ಹುಡುಗಿ ಚಮಚ ಪಕ್ಕಕ್ಕಿಟ್ಟು, ಮುದ್ದೆ ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ, ಸಾರಿಗೆ ಅದ್ದಿ ಬಾಯಿಗಿಟ್ಟಳು. ಅವರ ಮನೆಯಲ್ಲೂ ಇದೇ ರಾಗಿಯಂತೆ, ಇದೇ ಉಂಡೆಯಂತೆ, ಹೆಸರು ಮಾತ್ರ ಬೇರೆ. ಕಿಟಕಿಯವರಿಗೆ ಭಾರಿ ನಿರಾಸೆಯಾಗುತ್ತಿತ್ತು, ಅಷ್ಟರಲ್ಲಿ ಒಬ್ಬ ಮುದುಕಿ ಕೂಗಿದಳು:

"ಅಗೀತಾವ್ಳೆ ಕಣ್ರೇ! ಮುದ್ದೇನ ಅಗೀತಾವ್ಳೆ!"

ನುಂಗಬೇಕಾದ ಮುದ್ದೆಯನ್ನು ಅಗಿಯುವವರನ್ನು ನೋಡಿ ಬಂದವರಿಗೆಲ್ಲ ಬಂದ ಕೆಲಸ ಆಯಿತು. ಎಲ್ಲರೂ ತೃಪ್ತಿಯಿಂದ ಮನೆಗೆ ಹೋದರು.

ತಾತ ಆಗ ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವಳ ಕೈಲಿದ್ದ ರೆಕಾರ್ಡರ್ ನೋಡಿದ್ದೇ ತಡ, ಅಂಗಿ ಬಿಚ್ಚಿ, ಗೂಟದಲ್ಲಿದ್ದ ಹರಿದ ಬನಿಯನ್ನು ಹಾಕಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಅಳೋದು ಇಲ್ಲೇನ್ಲಾ, ಹೊಲ್ದಾಗಾ?"

"ಹೊಲ್ದಾಗೇ ತಾತ."

"ಹಂಗಾದ್ರೆ ಬಿರ್‍ರನೆ ಹೋಗಾನ. ಬಿಸ್ಲು ನೆತ್ತಿಗ್ ಬಂದ್ರೆ ಮೊಕ ಕಪ್ಗ್ ಬತ್ತದೆ, ಕಣ್ಣೀರು ಕಾಣಾಕಿಲ್ಲ."

"ಫೋಟೊ ಇಲ್ಲ ತಾತ. ಬರೀ ದನಿ."

ತಾತ ನನ್ನನ್ನು ದುರುಗುಟ್ಟಿ ನೋಡಿದರು. "ಮೊದ್ಲೇ ಹೇಳೋದಲ್ವೇನ್ಲಾ? ದನಿಗೆ ಬನೀನ್ ಯಾಕ್ಲಾ?" ಎಂದು ಒಳಗೆ ಹೋಗಿ ಮತ್ತೆ ಅಂಗಿ ಹಾಕಿಕೊಂಡು ಬಂದರು. ಗುಂಡಿ ಹಾಕುತ್ತಾ, "ಎಷ್ಟ್ ಸಲಾಂತ ಬಿಚ್ಚಾದು, ಎಷ್ಟ್ ಸಲಾಂತ ಹಾಕಾದು" ಎಂದು ಗೊಣಗಿದರು. ನಾನು ನಕ್ಕೆ. ಅವಳು ನಗಲಿಲ್ಲ, ತಾತನ ಬೆರಳುಗಳನ್ನೇ ನೋಡುತ್ತಿದ್ದಳು.

ನಮ್ಮ ಹೊಲ ಊರಾಚೆ. ಒಂದು ಕಾಲದಲ್ಲಿ ಎಲ್ಲ ರಾಗಿ. ಈಗ ಪೂರಾ ಚೆಂಡುಹೂವು, ಹಳದಿಯ ಹೊಡೆತಕ್ಕೆ ಕಣ್ಣು ಬಿಡಲಾಗದು. ಗಾಡಿದಾರಿಯ ಪಕ್ಕ ಮಾತ್ರ ಒಂದು ಪಟ್ಟಿ ರಾಗಿ. ಅದು ಮನೆಯ ಮುದ್ದೆಗೆ ಎಂದೇ ನಾನು ತಿಳಿದಿದ್ದೆ. ಆ ಪಟ್ಟಿ ನಮಗೆ ಒಂದು ಹಬ್ಬದ ಊಟಕ್ಕೂ ಸಾಲದು ಎಂದು ಹೊಲಕ್ಕೆ ಕಾಲಿಡದ ನನಗೆ ಹೊಳೆದಿರಲಿಲ್ಲ.

ತಾತ ಪಟ್ಟಿಯ ನಡುವೆ, ಫೋಟೊದಲ್ಲಿದ್ದ ಅದೇ ಜಾಗದಲ್ಲಿ, ಹೋಗಿ ನಿಂತರು. ನಾನು ಮೈಕು ಹಿಡಿದೆ. ಮೈಕು ಕಂಡರೆ ತಾತನಿಗೆ ಕನ್ನಡ ನಿಂತು ಹೋಗುತ್ತದೆ. ಮೈಕು ಎಂದರೆ ಸರ್ಕಾರ, ತಮಿಳುನಾಡಿನ ನಮ್ಮೂರಲ್ಲಿ ಸರ್ಕಾರ ಎಂದರೆ ತಮಿಳು. "ಎಲ್ಲಾಮೇ ಪೋಚ್ಚು ಸಾರ್" ಎಂದು ಶುರು ಮಾಡಿದರು, ಎಲ್ಲ ಹೋಯಿತು ಸಾರ್ ಎಂದು. ಸಾರ್ ಯಾರೂ ಇರಲಿಲ್ಲ, ನಾನು ಮತ್ತು ಆ ಹುಡುಗಿ. ಎರಡು ಮಾತಾಡಿ ನಿಲ್ಲಿಸುವುದು, ಇಲ್ಲದ ಕ್ಯಾಮೆರಾದವರಿಗೆ ಜಾಗ ಬದಲಿಸಲು ಸಮಯ ಕೊಟ್ಟು ಮತ್ತೆ ಶುರು ಮಾಡುವುದು. ಕಣ್ಣೀರು ಬರುವ ಮೊದಲು ಟವೆಲು ಭುಜದಿಂದ ಇಳಿಯಿತು. ಗೋಡೆಯ ಮೇಲಿನ ತಾತನಿಗಿಂತ ಈ ತಾತ ಚೆನ್ನಾಗಿ ಅಳುತ್ತಿದ್ದರು. ಈ ದನಿಗೆ ಕೀನ್ಯಾ ಏನು, ಚಂದ್ರಲೋಕಕ್ಕೂ ಟಿಕೇಟು ಸಿಗುತ್ತದೆ ಎಂದುಕೊಂಡೆ.

ತಿರುಗಿ ನೋಡಿದರೆ ಜೊತೆಗಾರ್ತಿ ಕೇಳುತ್ತಲೇ ಇಲ್ಲ. ರಾಗಿಯ ಮಧ್ಯೆ ಕುಕ್ಕರಗಾಲಲ್ಲಿ ಕೂತು ಪೈರಿನ ಬುಡ ಹಿಡಿದು ಅಲ್ಲಾಡಿಸುತ್ತಿದ್ದಾಳೆ.

"ಇದು ಆನೆಯಲ್ಲ" ಎಂದಳು ಸಣ್ಣ ದನಿಯಲ್ಲಿ. "ಆನೆ ಬುಡಸಮೇತ ಕಿತ್ತು, ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತದೆ. ಇಲ್ಲಿ ಬೇರು ಎಲ್ಲ ಹಾಗೇ ಇದೆ. ತುದಿ ಮಾತ್ರ ಕತ್ತರಿಸಿದ ಹಾಗೆ ಹೋಗಿದೆ. ಇದು ಹಸು."

ಬದುವಿನ ಮೇಲೆ ಕಟ್ಟಿದ್ದ ನಮ್ಮ ಹಸು ನಮ್ಮ ಕಡೆ ನೋಡಿತು. ಅದರ ಬಾಯಿಂದ ಒಂದು ರಾಗಿ ತೆನೆ ಜೋತು ಬಿದ್ದಿತ್ತು. ಅಷ್ಟಾದರೂ ಬುದ್ಧಿ ಬೇಡವೇ, ನುಂಗಿಬಿಡಬಾರದಾ?

"ಏನಂತಾವ್ಳೆ?" ತಾತ ಅಳು ನಿಲ್ಲಿಸಿ ಕನ್ನಡಕ್ಕೆ ಬಂದರು.

"ಹಸ ಚೆನ್ನಾಗೈತೆ ಅಂತಾವ್ಳೆ ತಾತ."

"ಸುಳ್ ಬೊಗಳ್ಬ್ಯಾಡ ಕಣ್ಲಾ. ಆಯಮ್ಮ ಬುಡ ಹಿಡ್ದು ನೋಡಿದ್ಲು." ಟವೆಲಿನಿಂದ ಮುಖ ಒರೆಸಿಕೊಂಡು ಬದುವಿನ ಮೇಲೆ ಕೂತರು. "ಇಷ್ಟ್ ಜನ ಬಂದ್ರು, ಒಬ್ರಾದ್ರೂ ಬಗ್ಗಿದ್ರೇನ್ಲಾ? ಎಲ್ರೂ ನನ್ ಮೊಕಾನೇ ನೋಡಿದ್ರು."

ಅವಳು ತಕ್ಷಣ ರೆಕಾರ್ಡರ್ ಆಫ್ ಮಾಡಿದಳು. ತಾತ ಬೂಟಾಟಿಕೆ ಇಲ್ಲದ ದನಿಯಲ್ಲಿ ಹೇಳುತ್ತಾ ಹೋದರು, ನಾನು ಅವಳ ಕಿವಿಗೆ ಇಂಗ್ಲಿಷಿಗೆ ತಿರುಗಿಸುತ್ತಾ ಹೋದೆ.

"ಆನೆ ನಿಜ್ವಾಗ್ಲೂ ಬಂದಿದ್ ವರ್ಸ ಹೊಲ ಪೂರಾ ಹೋಗ್ಬುಟ್ಟಿತ್ತು. ಆಗ ಒಂದ್ ನರಪಿಳ್ಳೆ ಬರ್ನಿಲ್ಲ. ಮುಂದಿನ್ ವರ್ಸ ಆನೆ ಬರ್ನಿಲ್ಲ, ಟೀವಿಯೋರು ಬಂದ್ರು. ಒಂದ್ ಹುಡ್ಗಿ, ಒಬ್ಬ ಹುಡ್ಗ. ಬಸ್ ಇಳ್ದು ಬಿಸ್ಲಲ್ಲಿ ನಡ್ಕಂಡ್ ಬಂದವ್ರೆ. ಏನೂ ಇಲ್ಲ ಕಣಮ್ಮಾ ಅಂದ್ರೆ ಆ ಮಗೀನ ಮೊಕ ಹಿಂಗ್ ಬಾಡೋಯ್ತು. ಅವತ್ ಬೆಳಿಗ್ಗೆ ಹಸ ನುಗ್ಗಿತ್ತು. ಇದ್ ಆನೇದಾ ತಾತ ಅಂದ್ಲು. ಹೂಂ ಅಂದ್ಬುಟ್ಟೆ. ಅಷ್ಟ್ ದೂರ್ದಿಂದ ಬಂದೋರ್ನ ಬರೀ ಕೈಲಿ ಕಳ್ಸಾಕಾಯ್ತದೇನ್ಲಾ?"

ಆಮೇಲೆ ಅದೇ ದಾರಿಯಾಯಿತು. ಪ್ರತಿ ವರ್ಷ ಯಾರೋ ಬರುತ್ತಿದ್ದರು, ನಮ್ಮ ಕಾಲೇಜಿನ ಸರ್ ಕೂಡ ಅತಿಥಿಗಳನ್ನು ಕರೆತಂದರು. ತಾತ ಹೊಲಕ್ಕೆಲ್ಲ ಚೆಂಡುಹೂವು ಹಾಕಿದರು, ಆನೆ ಅದನ್ನು ಮೂಸಿಯೂ ನೋಡುವುದಿಲ್ಲ. ಆದರೆ ದಾರಿಪಕ್ಕದ ಪಟ್ಟಿ ಬಿಡಲಾಗಲಿಲ್ಲ.

"ಬಂದೋರ್ಗೆ ಏನ್ ತೋರ್ಸಾದು? ಚೆಂಡೂವಾ? ಇದ್ಕೊಂದು ಉಳ್ಬೇಕು, ಬಿತ್ಬೇಕು, ಕಳೆ ಕೀಳ್ಬೇಕು. ಜನ ಬರೋ ದಿನ ಹಸ ಬುಡ್ಬೇಕು, ಜಾಸ್ತಿ ತಿನ್ನಂಗಿಲ್ಲ. ಬಾಂಡ್ಲಿ ತಳ ಒತ್ತಿ ಆನೆ ಹೆಜ್ಜೆ ಮಾಡ್ಬೇಕು. ಸಾಕಾಗ್ಬುಟ್ಟೈತೆ ಕಣ್ಲಾ."

ಮಜ್ಜಿಗೆ ಚೊಂಬು ಹಿಡಿದು ಬಂದ ಅವ್ವ ಹಿಂದೆ ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ.

"ಓಹೋ! ಅದ್ಕೇ ನನ್ ಬಾಂಡ್ಲಿ ಕಾಣೆಯಾಗೋದು! ನಾನು ಆ ನಾಕನೇ ಮನೆಯೋಳ್ ಮೇಲೆ ಅನ್ಮಾನ ಪಟ್ಟು ಮಾತು ಬುಟ್ಟಿದೀನಲ್ಲಾ ಮಾವಾ!"

ತಾತ ಮಜ್ಜಿಗೆಗೆ ಕೈ ಚಾಚಿದರು.

ಬಾರದ ಆನೆಯ ವರದಿಗೆ ತನ್ನ ಹೆಸರು ಹಾಕುವುದಿಲ್ಲ ಎಂದು ಜೊತೆಗಾರ್ತಿ ಹೇಳಿದಳು. ಆದರೆ ತಾತ ಈಗ ಹೇಳಿದ್ದನ್ನು, ಅವರು ಒಪ್ಪಿದರೆ, ಮಾಡಬಹುದು. ಅಥವಾ ಮೊದಲಿನ ಅಳು ರೆಕಾರ್ಡ್ ಆಗಿದೆ, ಬೇಕಾದರೆ ನೀನೊಬ್ಬನೇ ಅದನ್ನು ವರದಿ ಮಾಡಿಕೋ, ನಾನು ಬಸ್ಸಿನ ಹೆಂಗಸರನ್ನು ಹುಡುಕಿಕೊಳ್ಳುತ್ತೇನೆ ಎಂದಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಅಳು ಹಾಕಿದರೆ ನಾನು ವಿಮಾನದಲ್ಲಿ. ಇದನ್ನು ಹಾಕಿದರೆ ಸರ್ ಅವರ ಗೋಡೆಯೇ ಸುಳ್ಳಾಗುತ್ತದೆ, ಆಮೇಲೆ ನಾನು ಇದೇ ಬಸ್ಸಿನಲ್ಲಿ.

ತಾತನಿಗೆ ಇಂಗ್ಲಿಷ್ ಬಾರದು, ಆದರೂ ನನ್ನ ಮುಖದಲ್ಲಿ ಎಲ್ಲ ಓದಿಕೊಂಡರು. "ಇದ್ ಹೇಳುದ್ರೆ ನೀ ಹೋಗೋದ್ ನಿಲ್ತದಾ?"

"ನಿಲ್ಲಬೋದು."

ತಾತ ಚೊಂಬು ಬದುವಿನ ಮೇಲಿಟ್ಟರು. ಮೊಣಕಾಲ ಮೇಲೆ ಕೈ ಊರಿ ಎದ್ದರು. ಹೋಗಿ ಅದೇ ಜಾಗದಲ್ಲಿ ನಿಂತು ಟವೆಲು ಭುಜಕ್ಕೆ ಹಾಕಿಕೊಂಡರು.

"ಹಂಗಾದ್ರೆ ಇನ್ನೊಂದ್ ಸಲ ಅಳ್ತೀನಿ ಬುಡ್ಲಾ. ಮೊದ್ಲಿಂದು ಅಷ್ಟ್ ಚೆನ್ನಾಗ್ ಬರ್ನಿಲ್ಲ."

ಅಷ್ಟು ಉದ್ದದ ಹೊಲದಲ್ಲಿ ನನಗೆ ನೋಡಲು ಬೇರೆ ಜಾಗವೇ ಸಿಗಲಿಲ್ಲ. ಕೇಳಿದ್ದರೆ ಇನ್ನೊಂದು ಸಲ, ಅದರ ಮೇಲೆ ಇನ್ನೊಂದು ಸಲ ಅಳುತ್ತಿದ್ದರು, ನಾನು ವಿಮಾನ ಹತ್ತುವ ತನಕ ಅಳುತ್ತಿದ್ದರು.

"ಬ್ಯಾಡ ತಾತ. ಕೂತ್ಕೋ."

"ಊರಿನೋರ್ಗೆ ಏನ್ ಹೇಳ್ತೀಯಾ?"

"ಅದೇನೋ ಹೇಳ್ತೀನಿ ಬುಡು. ಹೇಳಾದ್ರಾಗೆ ನಂಗೇನ್ ಬರಗಾಲವಾ?"

"ಅದೂ ನಿಜವೇ" ಎಂದರು ತಾತ, ಬಹಳ ಬೇಗ ಒಪ್ಪಿಕೊಂಡು. ಊರಿನ ಹೆಸರು, ತಮ್ಮ ಹೆಸರು ಎಲ್ಲೂ ಬರಕೂಡದು ಎಂದು ಷರತ್ತು ಹಾಕಿದರು. ಹುಡುಗಿ ಎದೆ ಮೇಲೆ ಕೈಯಿಟ್ಟು ಒಪ್ಪಿದಳು. ರೆಕಾರ್ಡರ್ ಮತ್ತೆ ಆನ್ ಆಯಿತು. ತಾತ ಮೈಕಿನ ಮುಂದೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು, ಪತ್ರಕರ್ತರಿಗೆ ಹೊಲ ಸಿದ್ಧಮಾಡುವುದು ಹೇಗೆ ಎಂದು ಮೊದಲಿಂದ ಹೇಳಿದರು. ಹಿನ್ನೆಲೆಯಲ್ಲಿ ಹಸು ಮೆಲುಕು ಹಾಕುವ ಸದ್ದು, ಅವ್ವ ಬಾಂಡ್ಲಿಯ ಲೆಕ್ಕ ಕೇಳುವ ಸದ್ದು. ವಾಪಸ್ ಬರುವಾಗ ಬಸ್ಸಿನಲ್ಲಿ ಜೊತೆಗಾರ್ತಿ ಹೇಳಿದಳು, ಇದನ್ನು ಊರಲ್ಲಿರುವ ತನ್ನ ಚಿಕ್ಕಪ್ಪನಿಗೆ ಕೇಳಿಸಬೇಕು ಎಂದು. ಯಾಕೆ ಎಂದು ಕೇಳಿದೆ. "ಅವನು ಬಾಂಡ್ಲಿ ಬಳಸಲ್ಲ, ಮರದ ಕೊರಡು ಬಳಸುತ್ತಾನೆ ಅಂತ ನನಗೆ ಅನುಮಾನ" ಎಂದು ಮತ್ತೆ ನಿದ್ದೆ ಹೋದಳು.

ವಿಡಿಯೋ ಕಾಲಿನ ದಿನ ವರದಿಗಳನ್ನೆಲ್ಲ ಒಂದೊಂದಾಗಿ ಕೇಳಿಸಿದರು. ನಮ್ಮದು ಬಂದಾಗ, ಅವಳ ಇಂಗ್ಲಿಷ್ ವಿವರಣೆಯ ಕೆಳಗೆ ತಾತನ ಕನ್ನಡ ಓಡಿದಾಗ, ಪರದೆಯ ಮೇಲಿನ ಕೀನ್ಯಾ ಪೂರಾ ನಕ್ಕಿತು. ಬಾಂಡ್ಲಿಯ ಜಾಗಕ್ಕೆ ಬಂದಾಗ ಅಲ್ಲಿಯ ಒಬ್ಬ ಲೆಕ್ಚರರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಮ್ಮ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಹೆಸರು ಇರಲಿಲ್ಲ ನಿಜ, ಆದರೆ ಸರ್‌ಗೆ ತಾತನ ದನಿ ಗೊತ್ತಿತ್ತು. ಅವರು ನನ್ನನ್ನು ನೋಡಲಿಲ್ಲ, ಗೋಡೆ ನೋಡಿದರು. ಗೋಡೆಯಿಂದ ತಾತ ಇಡ್ಲಿ ಗಾತ್ರದ ಕಣ್ಣೀರು ಸುರಿಸುತ್ತಾ ನಮ್ಮೆಲ್ಲರನ್ನೂ ನೋಡಿದರು.

ಆಯ್ಕೆಯಾದವರು ಬೇರೆ ಇಬ್ಬರು. ಒಬ್ಬಳು ಕೃಷ್ಣಗಿರಿಯ ಮಾವಿನ ತಿರುಳಿನ ಕಾರ್ಖಾನೆಯ ಬಗ್ಗೆ ಮಾಡಿದ್ದಳು, ಒಬ್ಬ ಉದ್ದನಪಲ್ಲಿಯ ಬೋರ್‌ವೆಲ್ ಕೊರೆಯುವವರ ಬಗ್ಗೆ. ಚೆನ್ನಾಗಿಯೇ ಮಾಡಿದ್ದರು, ಅದೇ ಬೇಜಾರು. ಸಂಜೆ ಸರ್ ನನ್ನನ್ನು ಕರೆದು ಕುರ್ಚಿ ತೋರಿಸಿದರು, ಮೊದಲ ಸಲ ಫೋಟೊಗಿಂತ ಮುಂಚೆ ಕುರ್ಚಿ.

"ನಾನೂ ಆ ಹೊಲಕ್ಕೆ ಹೋಗಿದ್ದೆನಪ್ಪಾ" ಎಂದರು. "ಬಗ್ಗಿ ನೋಡಲಿಲ್ಲ." ಬಯ್ಯುತ್ತಾರೆ ಎಂದು ಕಾದೆ. ಅವರು ಹಣೆ ಉಜ್ಜಿಕೊಂಡು, ಮನೆಗೆ ಹೋಗು, ಬಸ್ಸು ತಪ್ಪುತ್ತೆ ಎಂದರು. ಮರುದಿನ ಫೋಟೊದ ಮುಂದೆ ಒಂದು ವೈಟ್‌ಬೋರ್ಡು ಬಂದು ನಿಂತಿತ್ತು. ಬೋರ್ಡಿನ ಅಂಚಿನಿಂದ ತಾತನ ಒಂದು ಮೊಣಕೈ ಈಗಲೂ ಕಾಣುತ್ತದೆ.

ಜೊತೆಗಾರ್ತಿ ತನ್ನ ದೇಶಕ್ಕೆ ಹೋದಳು. ಹೋಗುವ ಮುಂಚೆ ಕೆಲವು ದಿನ ಬೆಳಿಗ್ಗೆ ಕಾರ್ಖಾನೆ ಬಸ್ಸಿನಲ್ಲಿ ಹೆಂಗಸರ ಜೊತೆ ಕೂತು ಬಂದಳು. ಏನು ರೆಕಾರ್ಡ್ ಮಾಡಿದೆ ಎಂದರೆ, ಏನೂ ಇಲ್ಲ, ನನಗೂ ನಿದ್ದೆ ಬಂತು ಎಂದಳು.

ಟೀ ಅಂಗಡಿಯಲ್ಲಿ ನಾನು, ನೈರೋಬಿಯ ರನ್‌ವೇ ಮೇಲೆ ಆನೆ ಮಲಗಿದೆ, ಅದು ಏಳುವ ತನಕ ವಿಮಾನ ಇಳಿಯುವ ಹಾಗಿಲ್ಲ ಎಂದು ಹೇಳಿದೆ. ಅಂಗಡಿಯವನು ಲೋಟ ಮುಂದಿಟ್ಟು, "ಹೋಗ್ಲಿ ಬುಡ್ಲಾ, ಕುಡಿ" ಎಂದ. ಆಫ್ರಿಕಾ ಎಂದು ಕರೆಯುವುದನ್ನು ಮಾತ್ರ ಬಿಡಲಿಲ್ಲ.

ತಾತ ಮರುವರ್ಷ ದಾರಿಪಕ್ಕದ ಪಟ್ಟಿಗೆ ರಾಗಿ ಬಿತ್ತಲಿಲ್ಲ. ಅಲ್ಲಿಗೂ ಚೆಂಡುಹೂವು ಹೋಯಿತು. ಬಾಂಡ್ಲಿ ಅಡುಗೆಮನೆಗೆ ಬಂತು, ಅವ್ವ ನಾಲ್ಕನೇ ಮನೆಯವಳ ಜೊತೆ ಮಾತು ಶುರು ಮಾಡಿದಳು, ಶುರುವಾದದ್ದು ಇನ್ನೂ ನಿಂತಿಲ್ಲ.

ಮೊನ್ನೆ ರಜೆಯಲ್ಲಿ ನಾನು ಹೊಲದಲ್ಲಿದ್ದೆ. ತಾತ ಹೊಂಗೆ ಮರದ ಕೆಳಗೆ ಟವೆಲು ಹಾಸಿ ಮಲಗಿದ್ದರು. ಗಾಡಿದಾರಿಯಲ್ಲಿ ಒಂದು ವ್ಯಾನು ಬಂದು ಹಾರನ್ ಹೊಡೆಯಿತು.

"ಯಾರ್ಲಾ?" ತಾತ ಒಂದು ಕಣ್ಣು ತೆಗೆದರು.

"ಟೀವಿಯೋರು ತಾತ."

"ಆನೆಗಾ?"

"ಆನೆಗೇ."

"ಬಂದಿಲ್ಲ ಅನ್ನು. ಮಜ್ಜಿಗೆ ಕುಡ್ಕಂಡ್ ಹೋಗ್ಲಿ." ತೆಗೆದ ಕಣ್ಣು ಮುಚ್ಚಿತು.

ವ್ಯಾನಿನಿಂದ ನನಗಿಂತ ಸ್ವಲ್ಪ ದೊಡ್ಡವನೊಬ್ಬ ಮೈಕು ಹಿಡಿದು ಇಳಿದ, ಹಿಂದೆ ಕ್ಯಾಮೆರಾ ಹೊತ್ತವನು. ಅಂಗಿ ಬೆನ್ನಿಗೆ ಅಂಟಿತ್ತು. ಹಳದಿ ಹೊಲ ನೋಡಿದ, ಅವನ ಮುಖ ಬಾಡಿತು. ತಾತ ಹೇಳಿದ ಮುಖ ಅದೇ ಇರಬೇಕು. ನನ್ನ ನಾಲಗೆಯ ತುದಿಗೆ ಒಂದು ಹಿಂಡೇ ಬಂದು ನಿಂತಿತು, ಸಲಗ, ಮರಿ, ಟಿಕೇಟು ಕೇಳುವುದು, ಎಲ್ಲ.

"ಆನೆ ಬಂದಿಲ್ಲ ಅಣ್ಣಾ" ಎಂದೆ ತಮಿಳಿನಲ್ಲಿ. "ಮಜ್ಜಿಗೆ ಇದೆ."

ಅವನು ನನ್ನನ್ನೂ ಹೊಲವನ್ನೂ ಮತ್ತೊಮ್ಮೆ ನೋಡಿ ನೆರಳಿಗೆ ಬಂದ. ಇಬ್ಬರೂ ಎರಡೆರಡು ಲೋಟ ಕುಡಿದರು. ಅವನು ಆಫೀಸಿಗೆ ಫೋನ್ ಮಾಡಿ ಏನೂ ಇಲ್ಲ ಎಂದು ಹೇಳುವಷ್ಟರಲ್ಲಿ, ಕ್ಯಾಮೆರಾದವನು ಕ್ಯಾಮೆರಾ ತಲೆಯಡಿ ಇಟ್ಟುಕೊಂಡು ತಾತನ ಪಕ್ಕದಲ್ಲೇ ಮಲಗಿದ್ದ.